ಮುತ್ತುರಾಜ್ ಅಳಿಸಿದ ಪ್ರೋಗ್ರಾಮು

ಮನೆಯ ಕಂಪ್ಯೂಟರು ನಿಧಾನವಾಗಿದೆ ಎಂದು ಮೊದಲು ದೂರಿದವಳು ಮಗಳು ಆರಾಧನಾ. ಅದರಲ್ಲಿ ಚಿತ್ರಕ್ಕೆ ಬಣ್ಣ ತುಂಬುವ ಆಟವೊಂದಿತ್ತು. ಗಿಳಿಯ ರೆಕ್ಕೆಯ ಮೇಲೆ ಮೌಸ್ ಒತ್ತಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರೂ ರೆಕ್ಕೆ ಬೆಳ್ಳಗೇ ಇರುತ್ತದೆ ಎಂದು ಆ ಎಂಟು ವರ್ಷದ ಹುಡುಗಿ ಮುಖ ಊದಿಸಿಕೊಂಡು ಅಪ್ಪನ ಮುಂದೆ ನಿಂತಳು. ಮುತ್ತುರಾಜನಿಗೆ ಮಗಳ ಬೇಜಾರು ಕಂಡು ಬೇಜಾರಾಗಲಿಲ್ಲ, ಹುಮ್ಮಸ್ಸು ಬಂತು. ಕೆಟ್ಟ ಕಂಪ್ಯೂಟರ್ ಅಂದರೆ ಅವನಿಗೆ ಹಾಗೆ.

ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಇಲಾಖೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ತರಬೇತಿಗೆ ಹೋಗಲು ಹಿರಿಯರೆಲ್ಲ ಹಿಂದೆ ಸರಿದಾಗ ಇವನ ಹೆಸರು ಬರೆದು ಕಳಿಸಿದ್ದರು. ಹೋದವನು ಮನಸ್ಸಿಟ್ಟು ಕಲಿತ. ಈಗ, 2005ರ ಹೊತ್ತಿಗೆ, ಆ ಕಟ್ಟಡದಲ್ಲಿ ಯಾರ ಪ್ರಿಂಟರ್ ಕೈಕೊಟ್ಟರೂ, ಯಾರ ಪರದೆ ನೀಲಿಗಟ್ಟಿ ನಿಂತರೂ, ಮೊದಲು ಬರುತ್ತಿದ್ದ ಮಾತು ಮುತ್ತುರಾಜ್ ಎಲ್ಲಿ ಎಂಬುದೇ. ಹಿಂದೆ ಇವನ ಅರ್ಜಿಯನ್ನು ವಾರಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡು ಸತಾಯಿಸಿದ್ದ ಅಧಿಕಾರಿಗಳು ಈಗ ಕುರ್ಚಿ ಬಿಟ್ಟು ಎದ್ದು ಇವನನ್ನು ಕೂರಿಸುತ್ತಿದ್ದರು. ತಾನು ಹೋಗಿ ಮುಟ್ಟಿದರೆ ಸರಿಹೋಗುತ್ತದೆ ಎನ್ನುವ ಮಾತು ಅವನ ಮಟ್ಟಿಗೆ ಸಣ್ಣದಾಗಿರಲಿಲ್ಲ.

ಆದರೆ ಮನೆಯ ಕಂಪ್ಯೂಟರು ನಿಜವಾಗಿ ಅವನದ್ದಲ್ಲ, ಅವನ ಹೆಂಡತಿ ಜ್ಯೋತಿಲಕ್ಷ್ಮಿಯದ್ದು. ವೈಯಾಲಿಕಾವಲ್‌ನ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ, ಹಾಲ್‌ನ ಮೂಲೆಯಲ್ಲಿ ಅದನ್ನಿಟ್ಟುಕೊಂಡು ಅವಳು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಮಾಡುತ್ತಿದ್ದಳು. ಅಮೆರಿಕದ ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುವುದು, ಕಾಲಡಿಯ ಪೆಡಲ್ ಒತ್ತಿ ನಿಲ್ಲಿಸುತ್ತ, ಓಡಿಸುತ್ತ ಟೈಪ್ ಮಾಡುವುದು, ಬಸವನಗುಡಿಯ ಒಂದು ಕಂಪನಿಗೆ ಕಳಿಸುವುದು. ಟೈಪಿಂಗ್ ಅವಳ ಬೆರಳಿಗೆ ಹುಟ್ಟಿನಿಂದಲೇ ಬಂದ ಹಾಗಿತ್ತು. ಗಂಡ ಹೆಂಡತಿ ಮೊದಲು ಒಬ್ಬರನ್ನೊಬ್ಬರು ಕಂಡದ್ದೂ ಚಾಮರಾಜಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಇವನು ಸ್ಪೀಡ್ ಪರೀಕ್ಷೆಯಲ್ಲಿ ಒಂದು ಸಲ ಫೇಲಾಗಿ ಮತ್ತೆ ಕಟ್ಟಿದ್ದ, ಅವಳು ಮೊದಲನೇ ಸಲಕ್ಕೇ ಫಸ್ಟ್ ಕ್ಲಾಸ್.

ಮದುವೆಯ ಮಾತು ಬಂದಾಗ ಅವಳ ತಂದೆ ಶ್ರೀನಿವಾಸಯ್ಯನವರಿಗೆ ಎರಡೂ ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆಯಿಂದ ಹೋಯಿತೆಂದು ಹುಡುಗಿಯ ಕಡೆಯವರು ಹೇಳಿದರು. ಮುತ್ತುರಾಜನ ತಾಯಿ ಅಂಜಮ್ಮ ಬಲು ಜಾಗರೂಕತೆಯ ಹೆಂಗಸು. ಮನೆತನದಲ್ಲಿ ಬೇರೆ ಯಾರಿಗಾದರೂ ಹಾಗಿದೆಯೇ ಎಂದು ಬಿಡಿಸಿ ಬಿಡಿಸಿ ಕೇಳಿ, ಇಲ್ಲವೆಂದ ಮೇಲೆಯೇ ಒಪ್ಪಿದ್ದಳು. ಈಗ ಶ್ರೀನಿವಾಸಯ್ಯನವರೂ ಇಲ್ಲ, ಅಂಜಮ್ಮನೂ ಇಲ್ಲ.

ಕಂಪ್ಯೂಟರಿಗೆ ಹೊಸದಾಗಿ ಏನಾದರೂ ಹಾಕಿದೆಯಾ ಎಂದು ಮುತ್ತುರಾಜ ಹೆಂಡತಿಯನ್ನು ಕೇಳಿದ. ಅವಳು ಹುರುಳಿಕಾಯಿ ಸೋಸುತ್ತ ಕೂತಿದ್ದಳು. ನಾರು ತೆಗೆಯುತ್ತಿದ್ದ ಕೈ ಸ್ವಲ್ಪ ನಿಂತಿತು. ಇಲ್ಲವಲ್ಲ ಅಂದಳು. ಆಮೇಲೆ, ನಿಧಾನವಾದರೂ ತನಗೇನೂ ತೊಂದರೆಯಿಲ್ಲ, ಅದರ ತಂಟೆಗೆ ಹೋಗಬೇಡಿ, ಕೆಲಸದ ಫೈಲುಗಳಿವೆ ಎಂದು ಸೇರಿಸಿದಳು. ಫೈಲುಗಳಿಗೆ ಏನೂ ಆಗದ ಹಾಗೆ ನೋಡಲು ತನಗೆ ಗೊತ್ತಿಲ್ಲವೇ ಎಂದು ಅವನಿಗೆ ಕೊಂಚ ಚುರುಕ್ಕೆಂದಿತು.

ಭಾನುವಾರ ಅವಳು ಮಗಳನ್ನು ಕರೆದುಕೊಂಡು ಚಾಮರಾಜಪೇಟೆಯ ತವರಿಗೆ ಹೋದಾಗ ಅವನು ಕಂಪ್ಯೂಟರಿನ ಮುಂದೆ ಕೂತ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಒಳಗೆ ಏನೇನು ಓಡುತ್ತಿದೆ ಎಂಬ ಪಟ್ಟಿ ತೆರೆದ. ಹೆಚ್ಚಿನವು ಅವನಿಗೆ ಕಚೇರಿಯಿಂದಲೇ ಪರಿಚಿತವಾದ ಹೆಸರುಗಳು. ನಡುವೆ ಒಂದು ಮಾತ್ರ ಎಂದೂ ಕಾಣದ್ದು. ಎಸ್, ಎನ್, ವಿ, ಆರ್, ಡಿ. ಮುಂದೆ ಎರಡು ಸೊನ್ನೆ. ಓದಲೂ ಬರದ ಹೆಸರು. ಕಂಪ್ಯೂಟರಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಅದೊಂದೇ ನುಂಗುತ್ತಿತ್ತು. ಅವನು ಅದನ್ನು ನಿಲ್ಲಿಸಿದ. ಯಂತ್ರ ತಟ್ಟನೆ ಹಗುರಾಯಿತು. ಆದರೆ ಆರಿಸಿ ಮತ್ತೆ ಹಚ್ಚಿದರೆ ಅದು ಪುನಃ ಬಂದು ತನ್ನ ಜಾಗದಲ್ಲಿ ಕೂತಿತ್ತು. ಪರದೆಯ ಮೇಲೆ ಅದರದೊಂದು ಕಿಟಕಿಯಿಲ್ಲ, ಕೆಳಗಿನ ಸಾಲಿನಲ್ಲಿ ಒಂದು ಗುರುತಿಲ್ಲ. ಹಿಂದೆಯೇ ನಿಂತು ಏನೋ ಮಾಡುತ್ತಿತ್ತು.

ಆಮೇಲೆ ಅವನಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಖಾಲಿ ಪುಟವೊಂದನ್ನು ತೆರೆದು ಸುಮ್ಮನೆ ತನ್ನ ಹೆಸರು ಟೈಪ್ ಮಾಡಿದ. ಒಂದೊಂದು ಅಕ್ಷರ ಒತ್ತಿದಾಗಲೂ ಆ ಪ್ರೋಗ್ರಾಮಿನ ಪಕ್ಕದ ಅಂಕಿ ಏರುತ್ತಿತ್ತು, ಬೆರಳು ತೆಗೆದರೆ ಇಳಿಯುತ್ತಿತ್ತು. ಯಾರೋ ಹೆಗಲ ಹಿಂದೆ ನಿಂತು ಅಕ್ಷರ ಅಕ್ಷರವನ್ನೂ ನೋಡುತ್ತಿರುವ ಹಾಗೆ.

ಹೆಡ್‌ಫೋನು ಗೋಡೆಯ ಮೊಳೆಗೆ ನೇತುಹಾಕಿತ್ತು. ಅದು ಹೆಂಡತಿಯ ಕೆಲಸದ ಸಾಮಾನು, ಅವನು ಮುಟ್ಟುತ್ತಿರಲಿಲ್ಲ. ಅದರ ವೈರು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ಹಾಗೇ ಇತ್ತು.

ಮಾರನೆಯ ದಿನ ಕಚೇರಿಯಲ್ಲಿ ವೆಂಕಟಾಚಲನನ್ನು ಕೇಳಿದ. ಅವನು ಪಕ್ಕದ ವಿಭಾಗದವನು, ಕಂಪ್ಯೂಟರ್ ಪತ್ರಿಕೆಗಳನ್ನು ತರಿಸಿ ಓದುವವನು. ಇವನು ಹೇಳಿದ್ದನ್ನೆಲ್ಲ ಕೇಳಿ, ಅನುಮಾನವೇ ಬೇಡ, ಒತ್ತಿದ ಕೀಲಿಯನ್ನೆಲ್ಲ ಕದ್ದು ಎಲ್ಲಿಗೋ ಕಳಿಸುವ ಪ್ರೋಗ್ರಾಮು ಅದು, ಪಾಸ್‌ವರ್ಡು ಗೀಸ್‌ವರ್ಡು ಎಲ್ಲ ಹೋಗಿರುತ್ತದೆ, ಮೊದಲು ಕಿತ್ತು ಬಿಸಾಕು ಎಂದ. ಮುತ್ತುರಾಜನ ತಲೆಯಲ್ಲಿ ಓಡಿದ್ದು ಪಾಸ್‌ವರ್ಡ್ ಅಲ್ಲ. ಜ್ಯೋತಿ ಟೈಪ್ ಮಾಡುವುದು ಯಾರುಯಾರದೋ ರೋಗದ ವಿಷಯ, ಹೊರಗೆ ಹೋದರೆ ಅವಳ ಕೆಲಸಕ್ಕೇ ಕುತ್ತು. ಅವಳಿಗೆ ಹೇಳಿದರೆ ಗಾಬರಿಯಾಗುತ್ತಾಳೆ. ಸದ್ದಿಲ್ಲದೆ ಸರಿಮಾಡಿಬಿಟ್ಟು ಆಮೇಲೆ ಹೇಳಿದರಾಯಿತು.

ಮುಂದಿನ ಭಾನುವಾರ ಜ್ಯೋತಿ ಒಬ್ಬಳೇ ಸಂಬಂಧಿಕರ ಮನೆಯ ನಾಮಕರಣಕ್ಕೆ ಹೋಗಿದ್ದಳು. ಆರಾಧನಾ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಅಪ್ಪನ ಕೆಲಸ ನೋಡಿದಳು. ಅವನು ಯಂತ್ರವನ್ನು, ತೀರ ಬೇಕಾದ ಪ್ರೋಗ್ರಾಮುಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಹಚ್ಚಿ, ಆ ಹೆಸರು ಅವಿತುಕೊಂಡಿದ್ದ ಫೋಲ್ಡರನ್ನು ಹುಡುಕಿ ತೆಗೆದ. ಒಳಗೆ ದೊಡ್ಡ ದೊಡ್ಡ ಫೈಲುಗಳು, ಒಂದನ್ನೂ ತೆರೆದು ಓದಲು ಬರುವಂತಿರಲಿಲ್ಲ. ಎಲ್ಲವನ್ನೂ ಅಳಿಸಿದ. ಯಂತ್ರದ ಜೊತೆ ತಾನಾಗಿ ಶುರುವಾಗುವವುಗಳ ಪಟ್ಟಿಯಿಂದ ಅದರ ಹೆಸರನ್ನು ಕಿತ್ತ. ಕಸದ ಡಬ್ಬಿಯನ್ನೂ ಖಾಲಿ ಮಾಡಿದ. ಮತ್ತೆ ಹಚ್ಚಿದಾಗ ಕಂಪ್ಯೂಟರು ಹೊಸದಾಗಿ ತಂದ ದಿನದ ಹಾಗೆ ಓಡಿತು. ಗಿಳಿಯ ರೆಕ್ಕೆಗೆ ಒತ್ತಿದ ಕೂಡಲೇ ಹಸಿರು ತುಂಬಿತು. ಆರಾಧನಾ ಅಪ್ಪನ ಕತ್ತಿಗೆ ಜೋತುಬಿದ್ದಳು.

ಸಂಜೆ ಜ್ಯೋತಿ ಬಂದಾಗ ಅವನು ಅವಳನ್ನು ಚಪ್ಪಲಿ ಬಿಟ್ಟ ಕೂಡಲೇ ಕಂಪ್ಯೂಟರಿನ ಮುಂದಕ್ಕೆ ಕರೆದ. ಅವಳು ಬರುವಾಗ ದಾರಿಯಲ್ಲಿದ್ದ ಮಣೆಗೆ ಎಡವಿದಳು. ಅವನು ಮಣೆ ಸರಿಸಿ, ನಡೆದದ್ದನ್ನೆಲ್ಲ ವಿವರಿಸಿದ. ಕಳ್ಳ ಪ್ರೋಗ್ರಾಮು, ಇನ್ನು ಭಯವಿಲ್ಲ ಅಂದ. ಅವಳು ಕೈಯಲ್ಲಿದ್ದ ತಾಂಬೂಲದ ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು.

“ಪೂರ್ತಿ ತೆಗೆದ್ಬಿಟ್ರಾ?” ಅಂದಳು.

“ಬೇರು ಸಮೇತ.”

“ಒಳ್ಳೇದಾಯ್ತು” ಎಂದು ಅಡುಗೆಮನೆಗೆ ಹೋದಳು. ಎಷ್ಟೋ ಹೊತ್ತಿನವರೆಗೂ ಒಳಗಿನಿಂದ ಪಾತ್ರೆಯ ಸದ್ದಾಗಲೀ ನಲ್ಲಿಯ ಸದ್ದಾಗಲೀ ಬರಲಿಲ್ಲ. ಒಂದು ಭೇಷ್ ಅನ್ನುವುದಕ್ಕೂ ಇವಳಿಗೆ ಬಾಯಿ ಬರಲಿಲ್ಲವಲ್ಲ ಎಂದು ಮುತ್ತುರಾಜ ನೊಂದುಕೊಂಡ.

ಆ ವಾರದಿಂದ ಅವಳು ಬೆಳಿಗ್ಗೆ ಬೇಗ ಎದ್ದು ಕಂಪ್ಯೂಟರಿನ ಮುಂದೆ ಕೂರತೊಡಗಿದಳು. ಮುಖವನ್ನು ಪರದೆಗೆ ಅಂಟಿಸಿದ ಹಾಗೆ ಕೂತು, ಒಂದು ಸಾಲು ಟೈಪ್ ಮಾಡಿ ಕತ್ತನ್ನು ಅತ್ತಿಂದಿತ್ತ ಆಡಿಸಿ ಏನನ್ನೋ ಹುಡುಕುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೇಳಿದರೆ ನೆಗಡಿ ಅಂದಳು. ಯಂತ್ರ ಇಷ್ಟು ಚುರುಕಾಗಿದ್ದರೂ ಇವಳ ಕೆಲಸ ಮುಗಿಯುತ್ತಿರಲಿಲ್ಲ. ಒಂದು ದಿನ ಸಂಜೆ ಫೋನ್ ಬಂದಾಗ ಮುತ್ತುರಾಜನೇ ಎತ್ತಿದ. ಕಂಪನಿಯಲ್ಲಿ ಜ್ಯೋತಿಯ ಕೆಲಸವನ್ನು ತಿದ್ದುವ ಧೃತಿ ಎಂಬ ಹುಡುಗಿ. ಮೇಡಂ ಆರೋಗ್ಯವಾಗಿದ್ದಾರಾ ಎಂದು ಹಿಂಜರಿಯುತ್ತ ಕೇಳಿದಳು. ಒಂದು ಫೈಲಿನಲ್ಲಿ ಇಡೀ ಪ್ಯಾರಾ ಎರಡು ಸಲ ಬಂದಿದೆ, ಇನ್ನೊಂದರಲ್ಲಿ ಮಾತ್ರೆಯ ಅಳತೆಯೇ ತಪ್ಪಾಗಿದೆ, ಮೇಡಂ ಕೈಯಲ್ಲಿ ಇಂಥದ್ದು ಯಾವತ್ತೂ ಆಗಿರಲಿಲ್ಲ, ಮೇಲಿನವರು ಕೇಳುತ್ತಿದ್ದಾರೆ ಎಂದಳು.

ಫೋನ್ ಇಟ್ಟು ಬಂದ ಮುತ್ತುರಾಜ ನಗುತ್ತಲೇ ಅಂದ: “ಸಿಸ್ಟಮ್ ಫಾಸ್ಟ್ ಆಯ್ತು, ಈಗ ನೀನು ಸ್ಲೋ ಆದೆ ನೋಡು.”

ಅವನು ಅದನ್ನು ತಮಾಷೆಗೆ ಅಂದದ್ದು. ಆದರೂ ಹಿಂದೆಯೇ, ಮನಸ್ಸಿಟ್ಟು ಮಾಡದಿದ್ದರೆ ಹೀಗೇ ಆಗುತ್ತದೆ, ಇತ್ತೀಚೆಗೆ ನಿನಗೆ ಎಲ್ಲದರಲ್ಲೂ ಅಸಡ್ಡೆ ಎಂದೂ ಸೇರಿಸಿದ. ಅವನ ಬಳಿ ಲೆಕ್ಕವಿತ್ತು. ಸಿನಿಮಾಕ್ಕೆ ಕರೆದರೆ ಬರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬೀದಿಯ ಕೊನೆಯ ಅಂಗಡಿಗೂ ಹೋಗುವುದಿಲ್ಲ. ನೀರು ಕೊಡು ಎಂದರೆ ಲೋಟವನ್ನು ಮೇಜಿನ ಅಂಚಿಗೆ ಇಟ್ಟು ಬೀಳಿಸುತ್ತಾಳೆ. ಎದುರಿಗೇ ಬಂದ ಕಚೇರಿಯ ಸ್ನೇಹಿತನ ಹೆಂಡತಿಯನ್ನು ಮಾತಾಡಿಸದೆ ಹೋಗಿ ಅವರು ಬೇಸರಪಟ್ಟುಕೊಂಡಿದ್ದರು. ಇದನ್ನೆಲ್ಲ ಅವನು ಒಂದೊಂದಾಗಿ ಹೇಳಿದ. ಅವಳು ತಲೆ ತಗ್ಗಿಸಿಕೊಂಡು ಕೇಳಿದಳು.

ಅದಾದ ಕೆಲವು ದಿನಕ್ಕೆ ಮುತ್ತುರಾಜ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದ. ಬಾಗಿಲು ಸುಮ್ಮನೆ ಮುಂದಕ್ಕೆಳೆದಿತ್ತು. ಕರೆಂಟು ಇದ್ದರೂ ಹಾಲ್‌ನಲ್ಲಿ ಲೈಟು ಹಾಕಿರಲಿಲ್ಲ. ಜ್ಯೋತಿ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತಿದ್ದಳು. ಎಂದಿನ ವೇಗ, ಬೆರಳು ಕಾಣದಷ್ಟು. ಅವನು ಅವಳ ಎಡಮಗ್ಗುಲಿಗೆ, ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತ. ಅವಳು ತಿರುಗಲಿಲ್ಲ.

ಪರದೆಯ ಕಡೆ ನೋಡಿದ. ಪುಟದಲ್ಲಿ ಒಂದು ಅಕ್ಷರವೂ ಮೂಡುತ್ತಿರಲಿಲ್ಲ. ಮೂಲೆಯಲ್ಲಿ ಸಣ್ಣದೊಂದು ಪೆಟ್ಟಿಗೆ ತೆರೆದು ನಿಂತಿತ್ತು. ಹಿಂದಿನ ಫೈಲನ್ನು ಉಳಿಸಬೇಕೇ ಬೇಡವೇ ಎಂದು ಅದು ಕೇಳುತ್ತಿತ್ತು. ಉತ್ತರ ಕೊಡುವವರೆಗೂ ಕಂಪ್ಯೂಟರು ಬೇರೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅವಳು ಒತ್ತಿದ ಒಂದೊಂದು ಕೀಲಿಗೂ ಅದು ಬೀಪ್ ಎನ್ನುತ್ತಿತ್ತು. ಆ ಸದ್ದು ಹೆಡ್‌ಫೋನಿನೊಳಗೆ ಅವಳ ಕಿವಿಗೇ ಬೀಳುತ್ತಿದ್ದದ್ದು ಪಕ್ಕದಲ್ಲಿ ನಿಂತವನಿಗೂ ಸಣ್ಣಗೆ ಕೇಳುತ್ತಿತ್ತು. ಅವಳು ನಿಲ್ಲಿಸಿದಳು. ಪರದೆಗೆ ಮೂಗು ತಾಗುವಷ್ಟು ಬಾಗಿ, ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಮುಖ ಸರಿಸುತ್ತ ಹುಡುಕಿದಳು. ಪೆಟ್ಟಿಗೆಯ ಮೇಲೆಯೇ ಅವಳ ಮುಖ ಹಾದುಹೋಯಿತು. ಸಿಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಮತ್ತೆ ಟೈಪ್ ಮಾಡಿದಳು. ಮತ್ತೆ ಬೀಪ್. ಕೈಗಳನ್ನು ಕೀಬೋರ್ಡಿನ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

ಎಷ್ಟೋ ಸಂಗತಿಗಳು ಒಮ್ಮೆಗೇ ಮುತ್ತುರಾಜನ ತಲೆಗೆ ನುಗ್ಗಿದವು. ಮೆಲ್ಲಗೆ ಅವಳ ಭುಜ ಮುಟ್ಟಿದ. ಅವಳು ಬೆಚ್ಚಿ ಹೆಡ್‌ಫೋನ್ ಕಿತ್ತಳು.

“ಸೇವ್ ಮಾಡ್ಬೇಕಾ ಅಂತ ಕೇಳ್ತಿದೆ ಜ್ಯೋತಿ” ಅಂದ. “ಮೂಲೇಲಿದೆ.”

“ಎಷ್ಟು ಹೊತ್ತಿಂದ ನಿಂತಿದೀರಿ?”

“ಈಗ ಬಂದೆ.”

“ಸುಳ್ಳು ಹೇಳ್ಬೇಡಿ.” ಆಮೇಲೆ ಅವಳೇ ಹೇಳಿದಳು. “ನನಗೆ ಕಾಣಲ್ಲ ಕಣ್ರೀ. ಮಧ್ಯದಲ್ಲಿ ಇಷ್ಟೇ ಇಷ್ಟು ಕಾಣತ್ತೆ. ಬಾಗಿಲ ಸಂದೀಲಿ ನೋಡಿದ ಹಾಗೆ. ಈಗೀಗ ಅದೂ ಮಂಜಾಗ್ತಿದೆ.”

ಅವಳು ತಿರುಗಿ ಕೂತು, ಅವನ ಮುಖವಿರುವ ಕಡೆ ಅಂದಾಜಿನಲ್ಲಿ ನೋಡುತ್ತ, ಎಲ್ಲವನ್ನೂ ಹೇಳಿದಳು. ತಂದೆಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಅವರದ್ದೂ ಇದೇ. ಮೊದಲು ಸಂಜೆಗತ್ತಲಲ್ಲಿ ಕಾಣದಾಗುವುದು, ಆಮೇಲೆ ಮಗ್ಗುಲು ಕಾಣದಾಗುವುದು, ಕೊನೆಗೆ ಎಲ್ಲವೂ. ಮದುವೆಯ ಹೊತ್ತಿನಲ್ಲಿ ದೊಡ್ಡಪ್ಪ ಸಕ್ಕರೆ ಎಂದು ಹೇಳಿದಾಗ ಇವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು, ಸುಳ್ಳೆಂದು ಗೊತ್ತಿತ್ತು. ಆದರೆ ಅದು ತನಗೂ ಬರಬಹುದೆಂದು ಆಗ ಗೊತ್ತಿರಲಿಲ್ಲ. ಎರಡು ವರ್ಷದ ಕೆಳಗೆ ಮಿಂಟೋ ಕಣ್ಣಿನ ಆಸ್ಪತ್ರೆಗೆ ಒಬ್ಬಳೇ ಹೋಗಿ ತೋರಿಸಿಕೊಂಡಾಗ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಔಷಧಿಯಿಲ್ಲ ಎಂದೂ ಹೇಳಿದರು. ನಿಮ್ಮ ತಾಯಿಗೆ ಮೋಸ ಮಾಡಿ ಮದುವೆ ಮಾಡಿಸಿದರು ಎಂದು ನಿಮಗನ್ನಿಸಿದರೆ ಎಂಬ ಭಯಕ್ಕೆ ಬಾಯಿ ಬಿಡಲಿಲ್ಲ ಅಂದಳು. ಆ ಮಾತು ಮುತ್ತುರಾಜನ ಮನಸ್ಸಿನಲ್ಲಿ ಆ ಕ್ಷಣದಲ್ಲೇ ಹಾದು ಹೋಗಿತ್ತು. ಅದಕ್ಕೆ ಅವನಿಗೆ ನಾಚಿಕೆಯಾಯಿತು.

“ನೀವು ತೆಗೆದಿದ್ರಲ್ಲ,” ಅಂದಳು, “ಅದು ಕದೀತಿರ್ಲಿಲ್ಲ ರೀ. ನನಗೆ ಓದಿ ಹೇಳ್ತಿತ್ತು.”

ಚಾಮರಾಜಪೇಟೆಯ ಓಣಿಯೊಂದರಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಚಿಕ್ಕ ಸಂಸ್ಥೆಯೊಂದಿತ್ತು. ಅಲ್ಲಿ ವರದರಾಜ ಎಂಬವರು ಕಲಿಸುತ್ತಿದ್ದರು. ತವರಿಗೆ ಎಂದು ಹೇಳಿ, ಮಗಳನ್ನು ಅಲ್ಲಿ ಬಿಟ್ಟು ಅವಳು ಹೋಗುತ್ತಿದ್ದದ್ದು ಹೆಚ್ಚಾಗಿ ಈ ಸಂಸ್ಥೆಗೇ. ಪರದೆಯ ಮೇಲಿರುವುದನ್ನೆಲ್ಲ, ಒತ್ತಿದ ಒಂದೊಂದು ಅಕ್ಷರವನ್ನೂ ದನಿಯಲ್ಲಿ ಹೇಳುವ ಪ್ರೋಗ್ರಾಮನ್ನು ಅವರೇ ಕೊಟ್ಟು, ಯಾರ ಕಣ್ಣಿಗೂ ಬೀಳದ ಹಾಗೆ ಹಾಕುವುದನ್ನೂ ತೋರಿಸಿಕೊಟ್ಟಿದ್ದರು. ಹೇಗೂ ಕೆಲಸಕ್ಕೆ ಹೆಡ್‌ಫೋನ್ ಬೇಕು. ಒಂದು ಕಡೆ ಡಾಕ್ಟರ ದನಿ, ಅದರ ನಡುವೆ ಇದರ ದನಿ, ಎರಡನ್ನೂ ಕೇಳುತ್ತ ಅವಳು ತಿಂಗಳುಗಟ್ಟಲೆ ತಪ್ಪಿಲ್ಲದೆ ದುಡಿದಿದ್ದಳು. ಕಂಪ್ಯೂಟರು ಹಳೆಯದು, ಅದರ ಭಾರ ಹೊರಲಾರದೆ ನಿಧಾನವಾಯಿತು. ಅಳಿಸಿದ ಮರುದಿನವೇ ಅವಳು ವರದರಾಜರಿಗೆ ಫೋನ್ ಮಾಡಿದ್ದಳು. ಅವರು ಊರಲ್ಲಿರಲಿಲ್ಲ. ಬರುವವರೆಗೆ ಹೇಗಾದರೂ ತಳ್ಳೋಣ ಎಂದು ನೋಡಿದಳು.

ನನಗೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಲು ಹೊರಟು, ಕೇಳಲಿಲ್ಲ. ಆಗ ಅವಳು ಇನ್ನೊಂದು ವಿಷಯ ಹೇಳಿದಳು. ಸಂಜೆ ಲೈಟು ಹಾಕುವ ಮೊದಲು ತಾನು ಆರಾಧನಾಳನ್ನು ಒಳಕೋಣೆಗೆ ಕಳಿಸಿ ಸೂಜಿ ತಾ, ಗುಂಡಿ ತಾ ಎನ್ನುವುದಿದೆಯಲ್ಲ, ಕತ್ತಲಲ್ಲಿ ಮಗುವನ್ನು ಯಾಕೆ ಓಡಾಡಿಸುತ್ತೀ ಎಂದು ನೀವು ಬೈಯುತ್ತಿದ್ದಿರಲ್ಲ, ಅದು ಅವಳಿಗೆ ಕಾಣುತ್ತದೆಯೇ ಎಂದು ನೋಡುವುದಕ್ಕೆ.

“ತಂದ್ಕೊಟ್ಲಾ?” ಎಂದ ಮುತ್ತುರಾಜ.

“ಇಲ್ಲಿವರೆಗೂ ತಂದ್ಕೊಟ್ಟಿದಾಳೆ.”

ತಿಂಗಳ ಕೊನೆಗೆ ವರದರಾಜರು ಊರಿಂದ ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಹೋಗಿ ಪ್ರೋಗ್ರಾಮನ್ನು ತಂದರು. ವರದರಾಜರಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ನಡೆದದ್ದನ್ನು ಕೇಳಿ, ಇದು ಎಷ್ಟೋ ಮನೆಗಳಲ್ಲಿ ಆಗುತ್ತದೆ ಸಾರ್ ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋದರು. ಮುತ್ತುರಾಜ ಎಸ್.ಪಿ. ರೋಡಿನಿಂದ ಮೆಮರಿ ಚಿಪ್ ತಂದು ಕಂಪ್ಯೂಟರಿಗೆ ಹಾಕಿದ. ಹೆಡ್‌ಫೋನನ್ನು ಮೊದಲ ಸಲ ತನ್ನ ಕಿವಿಗೆ ಇಟ್ಟುಕೊಂಡು ಕೇಳಿದ. ಉಸಿರು ತೆಗೆದುಕೊಳ್ಳದೆ ಓಡುವ ದನಿ. ಒಂದು ಪದವೂ ಹಿಡಿಯಲಾಗಲಿಲ್ಲ. ಅದರ ವೇಗವನ್ನು ಜ್ಯೋತಿಯೇ ಅಷ್ಟಕ್ಕೆ ಏರಿಸಿಕೊಂಡಿದ್ದಳು.

ಇಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಮುತ್ತುರಾಜನಿಗೆ ತನ್ನಿಂದಾದ ತಪ್ಪನ್ನು ಪೂರ್ತಿ ಸರಿಮಾಡದೆ ಸಮಾಧಾನವಿರಲಿಲ್ಲ. ತಪ್ಪು ಫೈಲುಗಳಿಂದ ಕಂಪನಿಯಲ್ಲಿ ಅವಳ ಹೆಸರು ಕೆಟ್ಟಿತ್ತು. ಒಂದು ದಿನ ಕಚೇರಿಯಿಂದ ಅಪ್ಪಣೆ ಪಡೆದು ಬಸವನಗುಡಿಗೆ ಹೋಗಿ ಧೃತಿಯನ್ನು ಕಂಡ. ಅವಳದ್ದೇನೂ ತಪ್ಪಿಲ್ಲ, ನನ್ನದು ಎಂದು ಶುರುಮಾಡಿ, ಕಣ್ಣಿನ ವಿಷಯ, ಪ್ರೋಗ್ರಾಮಿನ ವಿಷಯ, ತಾನು ಅಳಿಸಿದ ವಿಷಯ ಎಲ್ಲವನ್ನೂ ಬಿಚ್ಚಿಟ್ಟ. ಪಕ್ಕದ ಮೇಜಿನವರೂ ಕೆಲಸ ನಿಲ್ಲಿಸಿ ಕೇಳಿದರು. ಧೃತಿ ಕಣ್ಣೊರೆಸಿಕೊಂಡು, ಮೇಲಿನವರ ಹತ್ತಿರ ಮಾತಾಡುತ್ತೇನೆ ಸರ್ ಅಂದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನು ಗಾಂಧಿ ಬಜಾರಿನಲ್ಲಿ ಜ್ಯೋತಿಗೆ ಇಷ್ಟವಾದ ಸೀಬೆಹಣ್ಣು ಕೊಂಡು ಮನೆಗೆ ಬಂದ. ಹೋಗಿದ್ದನ್ನು ಅವಳಿಗೆ ಹೇಳಲಿಲ್ಲ. ಒಳ್ಳೆಯ ಸುದ್ದಿ ಬಂದ ಮೇಲೆ ಹೇಳೋಣ ಎಂದುಕೊಂಡ.

ಸುದ್ದಿ ಬಂದದ್ದು ಜ್ಯೋತಿಗೆ. ಅವನು ಕಚೇರಿಯಿಂದ ಬಂದಾಗ ಕಂಪ್ಯೂಟರಿಗೆ ಬಟ್ಟೆಯ ಹೊದಿಕೆ ಹಾಕಿತ್ತು. ಕಾಲಿನ ಪೆಡಲನ್ನು ವೈರು ಸುತ್ತಿ ಪಕ್ಕಕ್ಕಿಟ್ಟಿತ್ತು. ಅವಳು ಕಾಫಿ ಕೊಟ್ಟು ಎದುರಿಗೆ ಕೂತಳು.

“ಧೃತಿ ಫೋನ್ ಮಾಡಿದ್ಲು. ಮೇಲಿನವರು ಬೇಡ ಅಂದ್ರಂತೆ. ರೋಗಿಗಳ ವಿಷಯ, ಕಣ್ಣು ಕಾಣ್ದೇ ಇರೋರ ಕೈಲಿ ಮಾಡಿಸಿದ್ವಿ ಅಂತ ಆದ್ರೆ ಕಷ್ಟ ಅಂದ್ರಂತೆ. ಅವಳು ಅತ್ತಳು ಪಾಪ.”

ಮುತ್ತುರಾಜ ಕಾಫಿಯ ಲೋಟ ಕೆಳಗಿಟ್ಟ.

“ಪ್ರೋಗ್ರಾಮ್ ವಾಪಸ್ ಬಂದ್ಮೇಲೆ ಕಳಿಸಿದ್ರಲ್ಲಿ ಒಂದೂ ತಪ್ಪಿರ್ಲಿಲ್ಲ. ಇನ್ನೊಂದೆರಡು ವಾರ ಹಂಗೇ ಕಳಿಸಿದ್ರೆ ಹಿಂದಿಂದು ಮರೀತಿದ್ರು” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ಅವತ್ತು ಕಂಪ್ಯೂಟರಿಗೆ ಏನಾದ್ರೂ ಹಾಕಿದ್ಯಾ ಅಂತ ನೀವು ಕೇಳಿದ್ರಿ, ನಾನು ಸುಳ್ಳು ಹೇಳ್ದೆ. ಆ ತಪ್ಪು ನನ್ನದೇ. ಆದ್ರೆ ಅಲ್ಲಿ ಹೋಗಿ ಹೇಳೋ ಮೊದಲು ನೀವು ನನ್ನನ್ನ ಕೇಳ್ಲೇ ಇಲ್ವಲ್ಲ.”

ನಾಳೆಯೇ ಮತ್ತೆ ಹೋಗಿ ಮೇಲಿನವರ ಹತ್ತಿರವೇ ಮಾತಾಡುತ್ತೇನೆ ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. ಅವಳು ಎದ್ದು ಗೋಡೆಯನ್ನು ಬೆರಳ ತುದಿಯಲ್ಲಿ ಸವರುತ್ತ ಒಳಗೆ ಹೋದಳು. ಈಗ ಮನೆಯಲ್ಲಿ ಅದನ್ನು ಮರೆಮಾಚುವ ಅಗತ್ಯ ಇರಲಿಲ್ಲ.

ಹಲವು ದಿನ ಇಬ್ಬರ ನಡುವೆ ಮಾತು ಬೇಕಾದಷ್ಟಕ್ಕೇ ಇತ್ತು. ಅವನು ಮನೆಯಲ್ಲಿ ಮಣೆ, ಬಕೆಟ್ಟು, ಚಪ್ಪಲಿಗಳನ್ನು ದಾರಿಯಿಂದ ತೆಗೆದಿಡುವುದನ್ನು ಕಲಿತ. ಅವಳು ವಾರದಲ್ಲಿ ಮೂರು ದಿನ ವರದರಾಜರ ಸಂಸ್ಥೆಗೆ ಹೋಗಿ ಹೊಸಬರಿಗೆ ಟೈಪಿಂಗ್ ಕಲಿಸತೊಡಗಿದಳು. ಬರುವುದು ಬಸ್ಸಿನ ಖರ್ಚಿಗೆ ಸಾಲುವಷ್ಟು. ವಾಪಸಾಗುವಾಗ ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆಂದು ಅವಸರಪಡುತ್ತಿದ್ದಳು. ಕರೆದುಕೊಂಡು ಬರಲೇ ಎಂದು ಅವನು ಕೇಳಿದಾಗ, ಬೇಕಾದರೆ ಹೇಳುತ್ತೇನೆ ಅಂದಳು.

ದಸರಾ ರಜೆಯಲ್ಲಿ ಆರಾಧನಾಳನ್ನು ಮಿಂಟೋ ಆಸ್ಪತ್ರೆಗೆ ಕರೆದೊಯ್ದರು. ಹೋಗೋಣ ಎಂದವಳು ಜ್ಯೋತಿಯೇ. ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂತಿರು ಎಂದು ನರ್ಸ್ ಹೇಳಿ ಹೋದಳು. ಉದ್ದನೆಯ ಬೆಂಚಿನ ಮೇಲೆ ಮಗು ನಡುವೆ, ಇವರಿಬ್ಬರೂ ಆಚೆ ಈಚೆ. ಸುತ್ತ ಹಸಿರು ಪಟ್ಟಿ ಕಟ್ಟಿಸಿಕೊಂಡ ಮುದುಕರು, ಅವರನ್ನು ಹಿಡಿದು ನಡೆಸುವ ಮಕ್ಕಳು. ಆರಾಧನಾ ಕಣ್ಣು ಮುಚ್ಚಿಕೊಂಡೇ, “ಅಮ್ಮ, ನಿಂಗೆ ಯಾವಾಗ್ಲೂ ಹಿಂಗೇನಾ?” ಎಂದು ಕೇಳಿದಳು.

“ಇಲ್ಲ ಪುಟ್ಟಿ. ನಿನ್ನ ಮೂಗು ಕಾಣತ್ತೆ. ಮೂಗಿನ ಕೆಳಗೆ ಕಾಫಿ ಮೆತ್ಕೊಂಡಿರೋದೂ ಕಾಣತ್ತೆ.”

ಮಗು ಕೈಯಲ್ಲಿ ಮೂಗಿನ ಕೆಳಗೆ ಒರೆಸಿಕೊಂಡಿತು. ಮುತ್ತುರಾಜ ಮುಖ ತಿರುಗಿಸಿದ.

ಡಾಕ್ಟರು ಬಹಳ ಹೊತ್ತು ನೋಡಿದರು. ಈಗ ಏನೂ ಕಾಣುತ್ತಿಲ್ಲ ಅಂದರು. ಹಾಗಾದರೆ ಬರುವುದಿಲ್ಲವಾ ಎಂದು ಜ್ಯೋತಿ ಕೇಳಿದಳು. ಹಾಗೆ ಹೇಳಲಾಗುವುದಿಲ್ಲ, ನಿಮಗೇ ಎಷ್ಟು ತಡವಾಗಿ ಬಂತು ನೋಡಿ, ವರ್ಷಕ್ಕೊಂದು ಸಲ ಕರೆದುಕೊಂಡು ಬನ್ನಿ ಎಂದರು. ಅವಳು ಅದನ್ನೇ ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳಿದಳು. ಡಾಕ್ಟರು ತಾಳ್ಮೆಯಿಂದ ಅದನ್ನೇ ಹೇಳಿದರು.

ಮಾರ್ಕೆಟ್ಟಿನಲ್ಲಿ ಬಸ್ಸು ಹತ್ತಿದರು. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿದೆ ಎಂದು ಆರಾಧನಾ ಅಪ್ಪನ ತೊಡೆಯ ಮೇಲೆ ಮುಖ ಮುಚ್ಚಿ ಮಲಗಿ, ಟೌನ್‌ಹಾಲ್ ಬರುವಷ್ಟರಲ್ಲಿ ನಿದ್ದೆಹೋದಳು. ಜ್ಯೋತಿ ಕಿಟಕಿಯ ಪಕ್ಕ ಕೂತು ಸರಳಿಗೆ ಹಣೆ ಒತ್ತಿಕೊಂಡಿದ್ದಳು. ಮುತ್ತುರಾಜನಿಗೆ ಏನಾದರೂ ಮಾಡಬೇಕೆನ್ನಿಸಿತು. ಬಗ್ಗಿ, ಹೊರಗೆ ಬರುತ್ತಿದ್ದದ್ದನ್ನು ಮೆಲ್ಲಗೆ ಹೇಳತೊಡಗಿದ. ಇದು ಕಾರ್ಪೊರೇಷನ್ನು. ಬಲಗಡೆ ಬಾಳೆಕಂದು ಹೇರಿಕೊಂಡ ಲಾರಿ ನಿಂತಿದೆ. ಮುಂದೆ ಯಾರೋ ಸ್ಕೂಟರಿಗೆ ಹೂವಿನ ಹಾರ ಹಾಕಿಸುತ್ತಿದ್ದಾರೆ.

ಅವಳು ಅವನ ಮಂಡಿಯ ಮೇಲೆ ಕೈಯಿಟ್ಟಳು.

“ಸ್ವಲ್ಪ ಹೊತ್ತು ಸುಮ್ನಿರಿ” ಅಂದಳು. “ಇನ್ನೂ ಕಾಣ್ತಿದೆ. ನೋಡ್ಕೋತೀನಿ.”

ಅವನು ಸುಮ್ಮನಾದ. ಬಸ್ಸು ಮೆಜೆಸ್ಟಿಕ್ ದಾಟಿ, ಶೇಷಾದ್ರಿಪುರದ ಮರಗಳ ಕೆಳಗೆ ಹೋಗುವವರೆಗೂ ಅವಳು ಮುಖವನ್ನು ಅತ್ತಿಂದಿತ್ತ ಸರಿಸುತ್ತ, ಒಂದೊಂದಾಗಿ ಎಲ್ಲವನ್ನೂ ನೋಡುತ್ತಿದ್ದಳು.